ಕರಿಬೇವಿನ ಗಿಡದ ಮುಂದೆ ನಾಲ್ಕು ವರ್ಷದ ಸಂಶೋಧಕರು

(ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪುಟ್ಟ ಮಕ್ಕಳ ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಎಲ್‌ಕೆಜಿ ಮಗುವಿನ ಬ್ಯಾಗಿನಲ್ಲಿ ಒಂದು ಚೀಟಿ ಬರುತ್ತದೆ. ‘ನಿಮಗೆ ಇಷ್ಟವಾದ ಪ್ರಾಣಿಯ ಬಗ್ಗೆ ಮಾಹಿತಿ ಸಂಗ್ರಹಿಸಿ, ಶುಕ್ರವಾರ ತರಗತಿಯಲ್ಲಿ ಹೇಳಿ.’ ಗುರುವಾರ ರಾತ್ರಿ ಅಪ್ಪ ಜೆರಾಕ್ಸ್ ಅಂಗಡಿಗೆ ಓಡುತ್ತಾರೆ. ಅಮ್ಮ ಚಾರ್ಟಿಗೆ ಚಿತ್ರ ಅಂಟಿಸುತ್ತಾರೆ. ಪ್ರಾಣಿ ಯಾವುದು? ಪೆಂಗ್ವಿನ್. ಇಲ್ಲಾಂದ್ರೆ ಜಿರಾಫೆ. ಮಗು ಬೆಳಿಗ್ಗೆ ಶಾಲೆಯ ವ್ಯಾನಿನಲ್ಲಿ ಮೂರು ಸಾಲು ಬಾಯಿಪಾಠ ಮಾಡುತ್ತದೆ. ಎರಡನೇ ಸಾಲಿಗೆ ಮರೆಯುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಸಂಜೆ ವಾಟ್ಸಾಪ್ ಗುಂಪಿಗೆ ಫೋಟೊ ಬರುತ್ತದೆ. ನಗ್ತಾ ಇದ್ದೀರಿ, ಅಂದರೆ ನಿಮ್ಮ ಮನೆಯಲ್ಲೂ ಆಗಿದೆ.

ಅಪ್ಪ ಅಮ್ಮನಿಗೆ ಪೆಂಗ್ವಿನ್ ಬಗ್ಗೆ ನಾಲ್ಕು ವಿಷಯ ತಿಳಿಯಿತು, ಸಂತೋಷ. ಮಗುವಿಗೆ ಏನು ಸಿಕ್ಕಿತು? ಅದು ಪೆಂಗ್ವಿನ್ ನೋಡಿಲ್ಲ. ಪೆಂಗ್ವಿನ್ ಬಗ್ಗೆ ಅದಕ್ಕೆ ತನ್ನದೇ ಆದ ಒಂದು ಪ್ರಶ್ನೆಯೂ ಇರಲಿಲ್ಲ. ಕೇಳುತ್ತಾ ಕೂತ ಮಕ್ಕಳು ‘ಹೌದು’ ಅನ್ನೋಕ್ಕೂ ಆಗಲ್ಲ, ‘ಅಲ್ಲ’ ಅನ್ನೋಕ್ಕೂ ಆಗಲ್ಲ. ನನ್ನ ತಕರಾರು ಇರುವುದು ಇಲ್ಲೇ. ಒಂದು ಮಗು ಹೇಳಿದ್ದಕ್ಕೆ ಇನ್ನೊಂದು ಮಗು ‘ಅಲ್ಲ, ನಾನು ನೋಡಿದೀನಿ’ ಅನ್ನುವಂತಿರಬೇಕು. ಆಗ ಇಬ್ಬರೂ ಎದ್ದು ಮತ್ತೆ ಹೊರಗೆ ಓಡುತ್ತಾರೆ. ಹೊರಗೆ ನೋಡುವುದು, ಒಳಗೆ ಬಂದು ಹೇಳುವುದು, ಜಗಳ ಆಡುವುದು, ಮತ್ತೆ ಹೊರಗೆ ಹೋಗುವುದು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಒಂದು ಅಂಗನವಾಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಕಟ್ಟಡ ಸಣ್ಣದು. ಅಂಗಳ ಅನ್ನುವಷ್ಟು ಅಂಗಳವೂ ಇಲ್ಲ. ಕೈ ತೊಳೆಯುವ ನೀರು ಹರಿಯುವ ಕಡೆ ಸಹಾಯಕಿ ಒಂದು ಕರಿಬೇವಿನ ಗಿಡ ಬೆಳೆಸಿದ್ದರು, ಸಾರಿನ ಒಗ್ಗರಣೆಗೆ ಬೇಕಲ್ಲ. ಆ ಗಿಡದ ಎಲೆಯ ಮೇಲೆ ಒಂದು ಹುಡುಗಿ ಏನನ್ನೋ ನೋಡಿದಳು. ಕಪ್ಪು, ನಡುವೆ ಬಿಳಿ ಪಟ್ಟೆ, ಹಸಿ ಹಸಿ. ‘ಟೀಚರ್, ಕಾಗೆ ಕಕ್ಕ ಮಾಡಿದೆ’ ಅಂದಳು. ಪಕ್ಕದ ಹುಡುಗ, ‘ಅಲ್ಲ, ಅದು ನಡೀತು’ ಅಂದ. ಕಕ್ಕ ನಡೆಯುತ್ತಾ? ಎಲ್ಲರಿಗೂ ನಗು. ಅವನಿಗೆ ಅಳು ಬರುವುದೊಂದು ಬಾಕಿ.

ಕಾರ್ಯಕರ್ತೆಗೆ ಅದು ಏನು ಅಂತ ಗೊತ್ತಿತ್ತು. ಆದರೂ ಹೇಳಲಿಲ್ಲ. ಆ ಎಲೆಯ ದಂಟಿಗೆ ಒಂದು ಕೆಂಪು ನೂಲು ಕಟ್ಟಿದರು. ‘ನಾಳೆ ಬಂದು ನೋಡೋಣ’ ಅಂದರು. ಅಷ್ಟೇ.

ಮಾರನೇ ದಿನ ನೂಲು ಕಟ್ಟಿದ ಎಲೆ ಖಾಲಿ. ಎಲೆಯ ಅಂಚು ಬೇರೆ ಸವೆದಿತ್ತು. ಹುಡುಗ ಕುಣಿದಾಡಿದ. ಹುಡುಗಿ ಸೋಲಲಿಲ್ಲ. ‘ಮಳೆಗೆ ತೊಳೆದು ಹೋಗಿದೆ’ ಅಂದಳು. ಎಂಥ ಒಳ್ಳೆ ಮಾತು ನೋಡಿ! ಹಕ್ಕಿ ಹಿಕ್ಕೆ ಮಳೆಗೆ ತೊಳೆದು ಹೋಗುವುದು ನಿಜ ತಾನೆ. ಆಗ ಇನ್ನೊಂದು ಮಗು, ‘ರಾತ್ರಿ ಮಳೆನೇ ಬಂದಿಲ್ಲ’ ಅಂತು. ನೆಲ ಮುಟ್ಟಿ ನೋಡಿದರು, ಒಣಗಿತ್ತು. ಆಮೇಲೆ ಎಲ್ಲರೂ ಸೇರಿ ಗಿಡ ಹುಡುಕಿದರು. ಮೂರು ಎಲೆ ಆಚೆ ಅದೇ ಕಪ್ಪು ಬಿಳಿ ವಸ್ತು ಕೂತಿತ್ತು. ಒಬ್ಬ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದ. ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಹೊರಗೆ ಬಂತು. ಜೊತೆಗೆ ಗಾಢ ವಾಸನೆ. ಮಕ್ಕಳೆಲ್ಲ ಕಿರುಚಿಕೊಂಡು ಹಿಂದೆ ಸರಿದರು. ಒಂದು ನಿಮಿಷಕ್ಕೆ ಮತ್ತೆ ಮುಂದೆ ಬಂದರು.

ಅದು ಚಿಟ್ಟೆಯ ಮರಿಹುಳ. ಕಾಮನ್ ಮಾರ್ಮನ್, ಲೈಮ್ ಚಿಟ್ಟೆ ಇವೆಲ್ಲ ಕರಿಬೇವು, ನಿಂಬೆ ಗಿಡಗಳ ಮೇಲೆ ಮೊಟ್ಟೆ ಇಡುತ್ತವೆ. ಚಿಕ್ಕದಿರುವಾಗ ಮರಿಹುಳ ಹಕ್ಕಿ ಹಿಕ್ಕೆಯ ಹಾಗೇ ಕಾಣುತ್ತದೆ. ತಿನ್ನಲು ಬಂದ ಹಕ್ಕಿ ‘ಛೀ’ ಅಂತ ಬಿಟ್ಟುಹೋಗಲಿ ಅಂತ. ಕೊನೆಯ ಸಲ ಪೊರೆ ಬಿಟ್ಟಾಗ ಹಸಿರಾಗುತ್ತದೆ. ಆ ಕೆಂಪು ಕೊಂಬು ಹೆದರಿಸುವುದಕ್ಕೆ. ಅಂದರೆ ನಮ್ಮ ಹುಡುಗಿ ತಪ್ಪಿದ್ದಳೇ? ಹಕ್ಕಿಗಳು ಲಕ್ಷಾಂತರ ವರ್ಷಗಳಿಂದ ಮೋಸ ಹೋಗುತ್ತಿರುವ ಕಡೆಯೇ ಅವಳೂ ಮೋಸ ಹೋದಳು. ಇದನ್ನು ಕಾರ್ಯಕರ್ತೆ ಅವಳಿಗೆ ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ಒಂದು ತಿಂಗಳ ಆಸುಪಾಸು ಆ ಗಿಡವೇ ಅವರ ಪಾಠ. ಪ್ರತಿದಿನ ಆಟಕ್ಕೆ ಹೊರಗೆ ಬಿಟ್ಟಾಗ ಒಂದಷ್ಟು ಮಕ್ಕಳು ಮೊದಲು ಗಿಡದ ಹತ್ತಿರ ಹೋಗಿ, ಆಮೇಲೆ ಆಟಕ್ಕೆ ಹೋಗುತ್ತಿದ್ದರು. ಇನ್ನು ಕೆಲವರು ಹೋಗುತ್ತಲೇ ಇರಲಿಲ್ಲ. ಬಲವಂತ ಇರಲಿಲ್ಲ. ಒಳಗೆ ಬಂದ ಮೇಲೆ ಎಲ್ಲರೂ ಗುಂಡಗೆ ಕೂರುತ್ತಿದ್ದರು. ಗಿಡ ನೋಡಿದವರು ಹೇಳಬೇಕು, ಉಳಿದವರು ಏನು ಬೇಕಾದರೂ ಕೇಳಬಹುದು. ಕಾರ್ಯಕರ್ತೆ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಮಗು ಹೇಳಿದ ಮಾತನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತಿದ್ದರು. ತಿದ್ದುತ್ತಿರಲಿಲ್ಲ.

‘ಹುಳ ಎಲೆ ತಿಂದು ತಿಂದು ಎಲೆ ಬಣ್ಣ ಆಗೋಯ್ತು.’ ಇದು ಒಬ್ಬನ ಮಾತು. ನಾವಾಗಿದ್ದರೆ ತಕ್ಷಣ ‘ಹಾಗಲ್ಲ ಪುಟ್ಟಾ’ ಅಂತ ಶುರು ಮಾಡುತ್ತಿದ್ದೆವು. ಕಾರ್ಯಕರ್ತೆ ಬರೆದುಕೊಂಡು ಸುಮ್ಮನಾದರು. ಎರಡು ದಿನ ಬಿಟ್ಟು ಕೇಳಿದರು: ‘ಮೊದಲೂ ಇದೇ ಎಲೆ ತಿಂತಿತ್ತಲ್ವಾ, ಆಗ ಯಾಕೆ ಕಪ್ಪು ಬಿಳಿ ಇತ್ತು?’ ಹುಡುಗ ಯೋಚನೆ ಮಾಡಿದ. ‘ಆಗ ಸ್ವಲ್ಪ ತಿಂದಿತ್ತು, ಇನ್ನೂ ಹೊಟ್ಟೆ ತುಂಬಿರಲಿಲ್ಲ’ ಅಂದ. ಉತ್ತರ ಸರಿಯಿಲ್ಲ. ಆದರೆ ತನ್ನ ಮಾತನ್ನು ಕೈಬಿಡದೆ ಹೊಸ ಪ್ರಶ್ನೆಗೂ ಅದನ್ನು ಹೊಂದಿಸುವುದು ಅವನಿಗೆ ಬಂತು. ನಾಲ್ಕು ವರ್ಷಕ್ಕೆ ಅಷ್ಟು ಸಾಕು. ದೊಡ್ಡವರು ಇದೇ ಕೆಲಸವನ್ನು ಪಿಎಚ್‌ಡಿಯಲ್ಲಿ ಮಾಡುತ್ತಾರೆ.

ಕಾಲಿನ ಲೆಕ್ಕವೂ ಹೀಗೇ. ಒಬ್ಬಳು ಆರು ಅಂದಳು, ಒಬ್ಬ ‘ತುಂಬಾ’ ಅಂದ. ಮತ್ತೆ ಹೊರಗೆ ಹೋದರು. ಮುಂದೆ ಮೂರು ಜೊತೆ ಚೂಪು ಕಾಲು. ಹಿಂದೆ ಐದು ಜೊತೆ ಮೊಂಡು ಕಾಲು. ಚಿಟ್ಟೆಯಾದ ಮೇಲೆ ಉಳಿಯುವುದು ಮುಂದಿನ ಆರು ಕಾಲು ಮಾತ್ರ. ಇಬ್ಬರೂ ಸರಿ. ಎಣಿಕೆ ಕಲಿಸಲು ಮಣಿ ಪೋಣಿಸಿದ ಚೌಕಟ್ಟೇ ಬೇಕು ಅಂತೇನಿಲ್ಲ.

ಮರಿಹುಳಗಳೆಲ್ಲ ಚಿಟ್ಟೆ ಆಗಲಿಲ್ಲ. ಕೆಲವನ್ನು ಹಕ್ಕಿ ತಿಂದಿತು. ಚಿಟ್ಟೆಯಾಗುವ ಮುಂಚೆ ಮರಿಹುಳ ಕೋಶವಾಗಿ ಅಲುಗದೆ ಇರುತ್ತದಲ್ಲ, ಅಂಥ ಒಂದು ಕೋಶದಿಂದ ಚಿಟ್ಟೆಯ ಬದಲು ಪುಟ್ಟ ಪುಟ್ಟ ಕಣಜಗಳು ಬಂದವು. ಹೀಗೆ ಆಗುವುದುಂಟು. ಕೆಲವು ಜಾತಿಯ ಕಣಜಗಳು ಚಿಟ್ಟೆಯ ಕೋಶದೊಳಗೇ ಮೊಟ್ಟೆ ಇಡುತ್ತವೆ, ಅವುಗಳ ಮರಿಗಳು ಒಳಗಿನದನ್ನು ತಿಂದು ಬೆಳೆಯುತ್ತವೆ. ಇದನ್ನೆಲ್ಲ ಮಕ್ಕಳಿಂದ ಮುಚ್ಚಿಡಬೇಕಾ? ಬೇಡ ಅಂತ ನನ್ನ ಅಭಿಪ್ರಾಯ. ಅವತ್ತು ಒಂದು ಮಗು ಅತ್ತಿತು. ಇನ್ನೊಂದು, ‘ಕಣಜಕ್ಕೂ ಹಸಿವಾಗುತ್ತಲ್ಲ’ ಅಂತು. ಇವೆರಡನ್ನೂ ಯಾವ ಚಾರ್ಟೂ ಕಲಿಸಲಾರದು.

ಆ ಕೆಂಪು ನೂಲಿನ ವಿಷಯಕ್ಕೆ ಸ್ವಲ್ಪ ಬರುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಎಂಬ ವಿಜ್ಞಾನಿ ಇದ್ದಾರೆ. ನಮ್ಮ ಕಟ್ಟಡಗಳ ಸೂರಿನಲ್ಲೇ ಗೂಡು ಕಟ್ಟುವ ಒಂದು ಜಾತಿಯ ಕಣಜವನ್ನು ಅವರು ದಶಕಗಳ ಕಾಲ ನೋಡಿದರು. ಒಂದೊಂದು ಕಣಜದ ಮೈಗೂ ಬೇರೆ ಬೇರೆ ಬಣ್ಣದ ಚುಕ್ಕೆ ಇಟ್ಟು, ಯಾರು ಏನು ಮಾಡುತ್ತಾರೆ ಅಂತ ಬರೆದಿಡುತ್ತಾ ಹೋದರು. ರಾಣಿ ಸತ್ತರೆ ಮುಂದಿನ ರಾಣಿ ಯಾರು ಅನ್ನುವಂಥ ಪ್ರಶ್ನೆಗಳಿಗೆ ಉತ್ತರ ಹುಡುಕಿದ್ದು ಹೀಗೇ. ಚುಕ್ಕೆ ಬಣ್ಣ, ನೋಟ್‌ಬುಕ್ಕು, ತಾಳ್ಮೆ. ನಮ್ಮ ಕಾರ್ಯಕರ್ತೆ ಕಟ್ಟಿದ ನೂಲು ಅದೇ ಕೆಲಸ ಮಾಡಿತು. ನಿನ್ನೆ ಎಲ್ಲಿತ್ತು ಅಂತ ಗುರುತಿಲ್ಲದೆ ಇವತ್ತು ಏನಾಯಿತು ಅಂತ ಹೇಳೋಕೆ ಆಗಲ್ಲ ಅಲ್ವಾ?

ಈಗ ಆಟಕ್ಕೆ ಬರೋಣ. ‘ಮೊದಲು ಪಾಠ, ಆಮೇಲೆ ಆಟ’ ಅಂತ ನಾವು ಗಂಟೆ ಹೊಡೆದು ಬೇರೆ ಮಾಡುತ್ತೇವೆ. ಆ ಅಂಗನವಾಡಿಯಲ್ಲಿ ಕೆಲವೇ ದಿನಕ್ಕೆ ‘ಹುಳದಾಟ’ ಶುರುವಾಯಿತು. ಯಾರೂ ಹೇಳಿಕೊಟ್ಟಿದ್ದಲ್ಲ. ನೆಲದ ಮೇಲೆ ಮಲಗಿ ತೆವಳುವುದು. ಹಕ್ಕಿಯಾದವನು ಬಂದರೆ ಮುದುಡಿಕೊಂಡು ಹಿಕ್ಕೆಯಾಗುವುದು. ಹಕ್ಕಿ ‘ಛೀ’ ಅನ್ನಬೇಕು. ಸಹಾಯಕಿಯ ವೇಲು ಸುತ್ತಿಕೊಂಡು ಕೋಶವಾಗುವುದು. ಒಬ್ಬಳು ವೇಲನ್ನು ಸುತ್ತಿಕೊಳ್ಳದೆ ಸೊಂಟಕ್ಕೆ ಮಾತ್ರ ಕಟ್ಟಿ ಕಿಟಕಿ ಸರಳಿಗೆ ಒರಗಿ ನಿಂತಳು. ‘ನೂಲು ಸೊಂಟಕ್ಕೆ ಮಾತ್ರ ಇರುತ್ತೆ’ ಅಂತ ಅವಳ ವಾದ. ಹೋಗಿ ನೋಡಿದರೆ ಹೌದು! ಈ ಚಿಟ್ಟೆಗಳ ಕೋಶ ತಲೆ ಮೇಲಾಗಿ, ಬಾಲ ಕಡ್ಡಿಗೆ ಅಂಟಿ, ಸೊಂಟದ ಸುತ್ತ ಒಂದೇ ಎಳೆ ರೇಷ್ಮೆಯ ಆಸರೆಯಲ್ಲಿ ನಿಂತಿರುತ್ತದೆ. ಅವಳು ಆ ತಿಂಗಳು ಗುಂಡಗೆ ಕೂತಾಗ ಒಂದು ಮಾತೂ ಆಡಿರಲಿಲ್ಲ. ಗಮನಿಸಿದ್ದನ್ನೆಲ್ಲ ಆಟದಲ್ಲಿ ಹೇಳಿದಳು. ಹಾಗಾಗಿ ‘ಹೇಳುವುದು’ ಅಂದರೆ ಎದ್ದು ನಿಂತು ಭಾಷಣ ಮಾಡುವುದೇ ಆಗಬೇಕಿಲ್ಲ.

ನಮ್ಮ ಹಳೇ ಆಟಗಳನ್ನೇ ನೋಡಿ. ಕುರಿ ತೋಳದ ಆಟ, ಮರಕೋತಿ. ಒಂದು ಪ್ರಾಣಿಯಾಗದೆ ಆಡಲಾಗದ ಆಟಗಳು. ಇವುಗಳನ್ನು ಆಡುವವರ ಸಂಖ್ಯೆ ಕಡಿಮೆಯಾಗಿದೆ, ಮರಕೋತಿ ಆಡಲು ಮರವೂ ಬೇಕಲ್ಲ.

ಇನ್ನೊಂದು ಮುಖ್ಯ ವಿಷಯ. ಪಟ್ಟಣಗಳ ಅಂಗನವಾಡಿಗಳಲ್ಲಿ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಇರುತ್ತಾರೆ. ಮನೆಯಲ್ಲಿ ಲಂಬಾಣಿಯೋ, ತೆಲುಗೋ, ಉರ್ದುವೋ ಮಾತಾಡುವ ಮಕ್ಕಳು. ಶುರುವಿನಲ್ಲಿ ಬಾಯಿ ಬಿಡುವುದಿಲ್ಲ. ಆದರೆ ಊರಿನಲ್ಲಿ ಅಜ್ಜಿಯ ಜೊತೆ ಆಡು ಕಾಯ್ದ ಮಗುವಿಗೆ ಆಡು ಹೇಗೆ ಮರಿ ಹಾಕುತ್ತದೆ, ಮರಿ ಎಷ್ಟು ಹೊತ್ತಿಗೆ ಎದ್ದು ನಿಲ್ಲುತ್ತದೆ ಅಂತ ಕಣ್ಣಾರೆ ಗೊತ್ತು. ಅದಕ್ಕೆ ಅದರದೇ ಮಾತಿನಲ್ಲಿ, ಕೈಸನ್ನೆಯಲ್ಲಿ ಹೇಳಲು ಬಿಡಿ. ಬೇರೆ ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಪೆಂಗ್ವಿನ್ ಚಾರ್ಟಿನಲ್ಲಿ ಈ ಮಗು ಯಾವತ್ತೂ ಹಿಂದೆ. ಚಾರ್ಟಿಗೆ ದುಡ್ಡು ಬೇಕು, ಪ್ರಿಂಟ್ ತೆಗೆಯಲು ಓದು ಬಲ್ಲ ಅಪ್ಪ ಬೇಕು. ಆಡಿನ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಈ ಮಗುವೇ.

ಇದೇನೂ ಹೊಸ ಫ್ಯಾಷನ್ ಅಲ್ಲ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಮಕ್ಕಳ ಮನೆಯಂಗಳಕ್ಕೇ ಬಾಲವಾಡಿಯನ್ನು ತೆಗೆದುಕೊಂಡು ಹೋದರು. ಆಮೇಲೆ ಕೋಸ್‌ಬಾಡ್ ಗುಡ್ಡದ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ಅಲ್ಲಿನ ಮಕ್ಕಳು ದನ ಮೇಯಿಸಲು ಹೋಗುತ್ತಿದ್ದರು, ಶಾಲೆಗೆ ಬರುತ್ತಿರಲಿಲ್ಲ. ಸರಿ, ದನ ಮೇಯುವ ಹುಲ್ಲುಗಾವಲಿಗೇ ಶಾಲೆ ಹೋಯಿತು. ಕಲಿಕೆಯ ಸಾಮಾನು ಅಂದರೆ ಬೀಜ, ಕಲ್ಲು, ಎಲೆ, ಚಿಪ್ಪು. ನೀವು ಇವತ್ತು ಕೆಲಸ ಮಾಡುವ ಅಂಗನವಾಡಿಯ ಬೇರು ಅಲ್ಲಿದೆ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಶಿಶು ಅಭಿವೃದ್ಧಿ ಯೋಜನೆ ಶುರು ಮಾಡಿದಾಗ ದೇಶದ ಮೊದಲ 33 ಕಡೆಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. ಆಮೇಲೆ ತೂಕದ ರಿಜಿಸ್ಟರು, ಮೊಟ್ಟೆ, ಹಾಲು, ಚುಚ್ಚುಮದ್ದು, ಈಗ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ಎಲ್ಲ ನಿಮ್ಮ ತಲೆಗೆ ಬಂತು. ಅದೆಲ್ಲ ಬೇಡ ಅಂತ ನಾನು ಹೇಳುತ್ತಿಲ್ಲ, ಮಗುವಿನ ಹೊಟ್ಟೆ ತುಂಬದೆ ಚಿಟ್ಟೆ ನೋಡು ಅನ್ನುವುದು ಅನ್ಯಾಯ. ಆದರೆ ಮೊಬೈಲಿನಲ್ಲಿ ಹಾಜರಿ ತುಂಬಿಸುತ್ತಾ ಕೂತ ಕಾರ್ಯಕರ್ತೆಯ ಕೈಲಿ ನೂಲು ಕಟ್ಟಿಸುವುದು ಹೇಗೆ ಅನ್ನುವುದನ್ನು ಮೇಲಿನವರು ಯೋಚಿಸಬೇಕು.

ಹೊರದೇಶದ ಒಂದೇ ಉದಾಹರಣೆ ಕೊಡುತ್ತೇನೆ. ಇಟಲಿಯ ರೆಜಿಯೊ ಎಮಿಲಿಯಾ ಊರಿನಲ್ಲಿ ನಗರಸಭೆಯೇ ನಡೆಸುವ ಪುಟ್ಟ ಮಕ್ಕಳ ಶಾಲೆಗಳಿವೆ. ಲೋರಿಸ್ ಮಾಲಗುಟ್ಸಿ ಎಂಬ ಶಿಕ್ಷಕರು ಕಟ್ಟಿ ಬೆಳೆಸಿದ್ದು. ಅಲ್ಲಿನ ಲಾ ವಿಲೆಟ್ಟಾ ಶಾಲೆಯ ಅಂಗಳಕ್ಕೆ ಬರುವ ಹಕ್ಕಿಗಳಿಗೆ ಬಾಯಾರುತ್ತದೆ ಅಂತ ಮಕ್ಕಳು ಮೊದಲು ಒಂದು ಪುಟ್ಟ ಹೊಂಡ ಮಾಡಿದ್ದರು. ಆಮೇಲೆ, 1992ರಲ್ಲಿ, ಹಕ್ಕಿಗಳಿಗೆ ಆಟವಾಡಲು ಒಂದು ಪಾರ್ಕ್ ಬೇಕು ಅನ್ನುವ ಮಾತು ಬಂತು. ಶಿಕ್ಷಕರು ನಕ್ಕು ಬಿಡಲಿಲ್ಲ. ಊರಿನ ಕಾರಂಜಿಗಳನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋದರು. ಮಕ್ಕಳು ಚಿತ್ರ ಬರೆದರು, ಜೇಡಿಮಣ್ಣಿನಲ್ಲಿ ಮಾಡಿದರು, ನೀರು ಮೇಲಕ್ಕೆ ಹೇಗೆ ಚಿಮ್ಮುತ್ತದೆ ಅಂತ ವಾದ ಮಾಡಿದರು. ಕೊನೆಗೆ ಅಂಗಳದಲ್ಲಿ ಕಾರಂಜಿ, ನೀರಿನ ಚಕ್ರ ಎಲ್ಲ ಬಂದವು. ಅಲ್ಲಿನವರ ಹಣ, ಸೌಕರ್ಯ ನಮ್ಮಲ್ಲಿ ಇಲ್ಲ, ಒಪ್ಪಿದೆ. ಆದರೆ ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಟ್ಟು, ಅದನ್ನು ಮತ್ತೆ ಮಕ್ಕಳಿಗೇ ಓದಿ ಹೇಳಿ, ಅಲ್ಲಿಂದ ಮುಂದಕ್ಕೆ ಹೋಗುವುದಕ್ಕೆ ಹಣ ಬೇಕಿಲ್ಲ.

ಆರೋಗ್ಯದ ಲೆಕ್ಕ ಬೇಕು ಅನ್ನುವವರಿಗೆ ಬೇಗ ಹೇಳಿಬಿಡುತ್ತೇನೆ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷವಾದರೂ ಓಡಾಡಿಕೊಂಡಿರಬೇಕು, ಕೂತು ಸ್ಕ್ರೀನ್ ನೋಡುವುದು ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಾ 40 ನಿಮಿಷ ಹೊರಗಿನ ತರಗತಿಯನ್ನು ಹೆಚ್ಚಿಗೆ ಕೊಟ್ಟರು. ಮೂರು ವರ್ಷದ ಮೇಲೆ ನೋಡಿದರೆ, ದೂರದ್ದು ಮಸುಕಾಗಿ ಕಾಣುವ ತೊಂದರೆ ಹೊಸದಾಗಿ ಬಂದ ಮಕ್ಕಳು ಆ ಗುಂಪಿನಲ್ಲಿ ಶೇ. 30ರಷ್ಟು, ಉಳಿದವರಲ್ಲಿ ಶೇ. 40ರ ಹತ್ತಿರ. ಫಿನ್ಲೆಂಡಿನಲ್ಲಿ ಕೆಲವು ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು ತಂದು ಹಾಸಿದರು. 28 ದಿನ ಅದರಲ್ಲಿ ಆಡಿದ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗ ನಿರೋಧಕ ವ್ಯವಸ್ಥೆಯನ್ನು ಹದದಲ್ಲಿಡುವ ಗುರುತುಗಳೂ ಕಂಡವು. 2020ರಲ್ಲಿ ಪ್ರಕಟವಾದ ಅಧ್ಯಯನ ಅದು. ನಮ್ಮಲ್ಲಿ ಇರುವ ಮಣ್ಣಿನ ಮೇಲೆ ಇಂಟರ್‌ಲಾಕ್ ಟೈಲ್ಸ್ ಹಾಕಿಸಿ, ಅದರ ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಫೀಸು ಏರಿಸುತ್ತೇವೆ.

ಈಗ ಪ್ರಶ್ನೆಗಳು.

ಒಬ್ಬ ಕಾರ್ಯಕರ್ತೆ ಕೇಳಿದರು: ‘ನಮ್ಮದು ಬಾಡಿಗೆ ಮನೆ ಸರ್, ಅಂಗಳವೇ ಇಲ್ಲ. ಏನು ಮಾಡೋದು?’

ದಾರಿ ಬದಿಯ ಒಂದು ಮರ ಸಾಕು ತಾಯಿ. ದೇವಸ್ಥಾನದ ಕಟ್ಟೆ, ಪಕ್ಕದ ಸರ್ಕಾರಿ ಶಾಲೆಯ ಮೈದಾನ ಆಗಬಹುದು. ಹತ್ತೇ ಮಕ್ಕಳನ್ನು ಕರೆದುಕೊಂಡು ಹೋಗಿ, ಉಳಿದವರನ್ನು ಸಹಾಯಕಿ ನೋಡಿಕೊಳ್ಳಲಿ. ನಾಳೆ ಬೇರೆ ಹತ್ತು ಮಕ್ಕಳು. ಹೋಗಿ ಬಂದವರು ಹೋಗದವರಿಗೆ ಹೇಳಬೇಕಾಗುತ್ತದೆ, ಅದೇ ಒಳ್ಳೆಯದು. ಎಲ್ಲರೂ ಒಟ್ಟಿಗೆ ನೋಡಿದ್ದರೆ ಹೇಳಲು ಏನಿರುತ್ತೆ? ಅಳಿಲು ಎಲ್ಲ ಕಡೆ ಇದೆ. ಬೆನ್ನಿನ ಮೇಲೆ ಪಟ್ಟೆ ಎಷ್ಟು ಅಂತ ನೋಡಿಕೊಂಡು ಬಾ ಅನ್ನಿ. ರಾಮನ ಬೆರಳಿನ ಕತೆ ಆಮೇಲೆ ಹೇಳಿ, ಮೊದಲೇ ಹೇಳಿದರೆ ಎಣಿಸುವುದಿಲ್ಲ. ಬಿಸಿಲಿನ ಊರಿನವರು, ರಾಯಚೂರು, ಕಲಬುರಗಿ ಕಡೆಯವರು, ಬೇಸಿಗೆಯಲ್ಲಿ ಬೆಳಿಗ್ಗೆ ಬಂದ ಕೂಡಲೇ ಹೊರಗೆ ಹೋಗಿ ಬನ್ನಿ.

ಒಬ್ಬ ತಾಯಿ: ‘ಹಾವು, ಚೇಳು ಇದ್ದರೆ?’

ಇರುತ್ತವೆ. ಅದಕ್ಕೇ ಮಕ್ಕಳಿಗಿಂತ ಮೊದಲು ದೊಡ್ಡವರು ಹೋಗಿ ಜಾಗ ನೋಡಬೇಕು. ಕಲ್ಲು, ಸೌದೆ ರಾಶಿ ಎತ್ತಬಾರದು. ಬಿಲಕ್ಕೆ ಕೈ ಹಾಕಬಾರದು. ‘ಕೈ ಹಿಂದೆ ಕಟ್ಟಿಕೊಂಡು ನೋಡು’ ಅನ್ನುವುದು ನಾನು ಹಲವು ಕಡೆ ಕಂಡ ಒಳ್ಳೆ ರೂಢಿ. ಜರಿ ಕಚ್ಚುತ್ತದೆ, ಕಂಬಳಿ ಹುಳ ಮುಟ್ಟಿದರೆ ತುರಿಕೆ. ಸುರುಳಿ ಸುತ್ತಿಕೊಳ್ಳುವ ಸಾವಿರ ಕಾಲಿನ ಹುಳ ಕಚ್ಚುವುದಿಲ್ಲ. ಆದರೆ ಮೈಯಿಂದ ಒಸರುವ ರಸ ಕಣ್ಣಿಗೆ ತಾಗಿದರೆ ಉರಿಯುತ್ತದೆ, ಅದನ್ನೂ ನೋಡಿದರೆ ಸಾಕು. ಅಂದ ಹಾಗೆ, ಅದಕ್ಕೆ ನಿಜವಾಗಿ ಸಾವಿರ ಕಾಲು ಇದೆಯಾ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ನಮ್ಮ ಅಂಗಳದ್ದಕ್ಕೆ ಇಲ್ಲ. ವಿಜ್ಞಾನಿಗಳಿಗೂ ಸಾವಿರ ದಾಟಿದ್ದು ಬಹಳ ಕಾಲ ಸಿಕ್ಕಿರಲಿಲ್ಲ. ಆಸ್ಟ್ರೇಲಿಯಾದಲ್ಲಿ, ನೆಲದಾಳದಲ್ಲಿ ಸಿಕ್ಕಿದ ಒಂದಕ್ಕೆ 1,306 ಕಾಲು ಇತ್ತು ಅಂತ 2021ರಲ್ಲಿ ಪ್ರಕಟಿಸಿದರು. ಎಣಿಸಿದವರ ತಾಳ್ಮೆಗೆ ಕೈ ಮುಗಿಯಬೇಕು.

ಹಿಂದಿನ ಸಾಲಿನಿಂದ ಒಬ್ಬರು: ‘ಒಂದನೇ ಕ್ಲಾಸಿನ ಸೀಟಿಗೆ ಇಂಟರ್‌ವ್ಯೂ ಇರುತ್ತೆ. ಎಬಿಸಿಡಿ ಬರದಿದ್ದರೆ ಹುಳ ನೋಡಿದ್ದು ಉಪಯೋಗಕ್ಕೆ ಬರುತ್ತಾ?’

ಆ ಇಂಟರ್‌ವ್ಯೂ ಮಾಡುವುದೇ ತಪ್ಪು. ಆರು ವರ್ಷದ ಮಗುವನ್ನು ಪರೀಕ್ಷೆ ಮಾಡಿ ಸೇರಿಸಿಕೊಳ್ಳುವುದನ್ನು ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ನಿಷೇಧಿಸಿದೆ. ನಿಮ್ಮ ಆತಂಕ ಸುಳ್ಳು ಅಂತ ಹೇಳಲಾರೆ, ನಡೆಯುತ್ತಿರುವುದು ನನಗೂ ಗೊತ್ತು. ಆದರೂ ಕೇಳಿ: ತಿಂಗಳಿಡೀ ಒಂದು ಹುಳದ ಬಗ್ಗೆ ವಾದ ಮಾಡಿದ ಮಗುವಿಗೆ ಮಾತು ಬರುತ್ತದೆ. ‘ಯಾಕೆಂದರೆ’, ‘ಆದರೆ’, ‘ನಿನ್ನೆ ಹಾಗಿತ್ತು, ಇವತ್ತು ಹೀಗಿದೆ’ ಅನ್ನುವ ವಾಕ್ಯಗಳು ಬರುತ್ತವೆ. ಅಕ್ಷರ ಅದರ ಮೇಲೆ ಕೂರುತ್ತದೆ. ತನ್ನ ಮಾತನ್ನು ಟೀಚರ್ ಬರೆದುಕೊಳ್ಳುವುದನ್ನು ದಿನಾ ನೋಡುವ ಮಗುವಿಗೆ ಬರವಣಿಗೆ ಯಾಕೆ ಬೇಕು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ.

ಕೊನೆಯ ಪ್ರಶ್ನೆ ಮಡಿಕೇರಿ ಕಡೆಯವರದು: ‘ಮಳೆಗಾಲದಲ್ಲಿ ನಮ್ಮಲ್ಲಿ ಬಸವನ ಹುಳು ಜಾಸ್ತಿ. ತೋರಿಸಬಹುದಾ?’

ತೋರಿಸಿ, ಆದರೆ ದೊಡ್ಡದನ್ನು ಮುಟ್ಟಲು ಬಿಡಬೇಡಿ. ಕೈಯಗಲ ಇರುತ್ತಲ್ಲ, ಅದು ಆಫ್ರಿಕಾದ ಬಸವನ ಹುಳು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಾಕ್ಕೆ ತಂದು ಬಿಟ್ಟದ್ದು, ಈಗ ಕಾಫಿ, ಅಡಿಕೆ ತೋಟಗಳವರೆಗೆ ಹಬ್ಬಿದೆ. ಅದರ ಮೈಯಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಮಾಡುವ ಪರಾವಲಂಬಿ ಹುಳ ಇರಬಹುದು. ಅದು ಹರಿದಾಡಿದ ಸೊಪ್ಪನ್ನೂ ತೊಳೆಯದೆ ತಿನ್ನಬಾರದು. ಊರಿನ ಚಿಕ್ಕ ಬಸವನ ಹುಳು ಸಿಕ್ಕಿದರೆ ಎಲೆಯಿಂದಲೇ ಎತ್ತಿ, ಒಂದು ಪಾರದರ್ಶಕ ಡಬ್ಬದ ಮುಚ್ಚಳದ ಮೇಲೆ ಬಿಡಿ. ಅದು ನಡೆಯಲು ಶುರು ಮಾಡಿದಾಗ ಮುಚ್ಚಳವನ್ನು ಮೇಲಕ್ಕೆ ಹಿಡಿಯಿರಿ, ಮಕ್ಕಳು ಕೆಳಗಿಂದ ನೋಡಲಿ. ಪಾದದಲ್ಲಿ ಅಲೆ ಅಲೆಯಾಗಿ ಏನೋ ಮುಂದಕ್ಕೆ ಹೋಗುವುದು ಕಾಣುತ್ತದೆ. ಏನದು ಅಂತ ನೀವು ಹೇಳಬೇಡಿ. ನೋಡಿದ ಮೇಲೆ ಅದನ್ನು ಸಿಕ್ಕಿದ ಜಾಗಕ್ಕೇ ಬಿಡಿಸಿ, ಎಲ್ಲರ ಕೈಯನ್ನೂ ಸೋಪು ಹಾಕಿ ತೊಳೆಸಿ, ಆಮೇಲೆ ಗುಂಡಗೆ ಕೂರಿಸಿ. ಮೊದಲು ಹಿಂದಿನ ಸಾಲಿನಲ್ಲಿ ನಿಂತು ಸರಿಯಾಗಿ ಕಾಣದೆ ಹೋದ ಮಗುವಿನ ಕೈಲಿ ಪ್ರಶ್ನೆ ಕೇಳಿಸಿ.